ನೀರೇರಿದಾಗ ಬರುವವು, ನೀರಿಳಿದಾಗ ಬರುವವು

ಶಿವಮೊಗ್ಗದಿಂದ ಸಾಗರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು ಹತ್ತು ಕಿಲೋಮೀಟರು ದೂರದಲ್ಲಿರುವ ತ್ಯಾವರೆಕೊಪ್ಪವು 1988ರಲ್ಲಿ ಆರಂಭವಾದ ಹುಲಿ ಮತ್ತು ಸಿಂಹಧಾಮದಿಂದಾಗಿ ನಾಡಿಗೆಲ್ಲ ಪರಿಚಿತವಾಗಿದ್ದರೂ, ಪಕ್ಷಿವೀಕ್ಷಕರ ಪಾಲಿಗೆ ಆ ಊರಿನ ಮಹತ್ವವಿರುವುದು ಅದು ನಿಂತಿರುವ ಜಾಗದಲ್ಲಿ. ಪಶ್ಚಿಮಕ್ಕೆ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಘಟ್ಟಸಾಲು, ಪೂರ್ವಕ್ಕೆ ಕೆರೆ ಮತ್ತು ಕಾಲುವೆಗಳನ್ನೇ ನೆಚ್ಚಿಕೊಂಡ ಬಯಲುಸೀಮೆ ಇದ್ದು, ಇವೆರಡರ ನಡುವಿನ ಅರೆಮಲೆನಾಡಿನ ಒಣ ಎಲೆಯುದುರುವ ಕಾಡು ತ್ಯಾವರೆಕೊಪ್ಪದ್ದು. ಇಲ್ಲಿಂದ ನೂರು ಕಿಲೋಮೀಟರಿನೊಳಗೆ ತುಂಗೆಯ ನಡುಗಡ್ಡೆಯಾದ ಮಂಡಗದ್ದೆ, ಸೊರಬ ತಾಲ್ಲೂಕಿನ ಗುಡವಿಯ ಕೆರೆ, ಗಾಜನೂರಿನ ತುಂಗಾ ಅಣೆಕಟ್ಟೆಯ ಹಿನ್ನೀರು, ಲಕ್ಕವಳ್ಳಿಯ ಭದ್ರಾ ಜಲಾಶಯ, ತುಂಗಾ ಮತ್ತು ಭದ್ರಾ ನದಿಗಳು ಸೇರುವ ಕೂಡಲಿ, ಭದ್ರಾವತಿಯ ಆಚೆಗೆ ಹರಡಿಕೊಂಡಿರುವ ಭದ್ರಾ ಅಚ್ಚುಕಟ್ಟಿನ ಗದ್ದೆಗಳು ಎಲ್ಲವೂ ದೊರೆಯುತ್ತವೆ. ರೆಕ್ಕೆ ಗಟ್ಟಿಯಿರುವ ನೀರಹಕ್ಕಿಯೊಂದಕ್ಕೆ ಇದು ಕೆಲವು ಗಂಟೆಗಳ ಹಾರಾಟದ ವಿಸ್ತಾರವಷ್ಟೆ. ಆದರೆ ಈ ನೆಲೆಗಳಲ್ಲಿ ಹಕ್ಕಿಗಳು ತುಂಬುವ ಕಾಲ ಒಂದೇ ಅಲ್ಲ. ಮಂಡಗದ್ದೆ ಮತ್ತು ಗುಡವಿಗಳು ಮಳೆಗಾಲದಲ್ಲಿ, ಬಯಲಿನ ಕೆರೆಗಳು ಚಳಿಗಾಲದಲ್ಲಿ, ಭದ್ರಾ ಜಲಾಶಯದ ನಡುಗಡ್ಡೆಗಳು ಬೇಸಿಗೆಯಲ್ಲಿ ಜೀವ ತಳೆಯುತ್ತವೆ. ಈ ವ್ಯತ್ಯಾಸದ ಮೂಲವನ್ನು ಹುಡುಕುತ್ತ ಹೋದರೆ ಚಳಿಗಿಂತ, ಬಿಸಿಲಿಗಿಂತ, ತಿಂಗಳುಗಳ ಲೆಕ್ಕಕ್ಕಿಂತ ಹೆಚ್ಚು ನಿರ್ಣಾಯಕವಾದ ಸಂಗತಿ ಎದುರಾಗುತ್ತದೆ, ಅದು ನೀರಿನ ಮಟ್ಟ.

ವಲಸೆ ಎಂದರೆ ಹಕ್ಕಿಗಳು ಮರಿಮಾಡುವ ನೆಲೆಗೂ ಉಳಿದ ಕಾಲವನ್ನು ಕಳೆಯುವ ನೆಲೆಗೂ ನಡುವೆ ಪ್ರತಿವರ್ಷ ನಿಯತವಾಗಿ ನಡೆಸುವ ಓಡಾಟ. ಚಳಿಯನ್ನು ತಾಳಲಾರದೆ ಹಕ್ಕಿಗಳು ಹೊರಡುತ್ತವೆ ಎಂಬ ನಂಬಿಕೆ ಬಹುಕಾಲ ಇದ್ದಿತು. 1920ರ ದಶಕದಲ್ಲಿ ಕೆನಡಾದ ಆಲ್ಬರ್ಟಾದಲ್ಲಿ ವಿಲಿಯಂ ರೋವನ್ ಎಂಬ ವಿಜ್ಞಾನಿ ಜಂಕೋ ಎಂಬ ಸಣ್ಣ ಹಕ್ಕಿಗಳನ್ನು ಕೊರೆಯುವ ಚಳಿಯಲ್ಲೇ ಬಯಲುಗೂಡುಗಳಲ್ಲಿಟ್ಟು, ಸಂಜೆಯ ಮೇಲೆ ವಿದ್ಯುದ್ದೀಪ ಉರಿಸಿ ಹಗಲನ್ನು ದಿನದಿನವೂ ಸ್ವಲ್ಪ ಸ್ವಲ್ಪ ಉದ್ದ ಮಾಡುತ್ತ ಹೋದಾಗ, ಹೊರಗಿನ ಹಿಮವನ್ನು ಲೆಕ್ಕಿಸದೆ ಅವುಗಳ ಸಂತಾನಾಂಗಗಳು ವಸಂತದಲ್ಲಿ ಬೆಳೆಯುವಂತೆ ಬೆಳೆದವು. ಹಗಲಿನ ಉದ್ದವೇ ಹಕ್ಕಿಯ ದೇಹದೊಳಗಿನ ಗಡಿಯಾರವನ್ನು ತಿದ್ದುತ್ತದೆ ಎಂಬ ತಿಳಿವಳಿಕೆ ಅಲ್ಲಿಂದ ಬೆಳೆಯಿತು. ಆ ಗಡಿಯಾರದ ಸೂಚನೆಯಂತೆ ಚೋದಕ ರಸಗಳು, ಅಂದರೆ ಹಾರ್ಮೋನುಗಳು, ಹಕ್ಕಿಗೆ ಅತಿಯಾದ ಹಸಿವನ್ನು ಹುಟ್ಟಿಸುತ್ತವೆ, ತಿಂದದ್ದು ಚರ್ಮದಡಿಯಲ್ಲಿ ಕೊಬ್ಬಾಗಿ ಶೇಖರಗೊಳ್ಳುತ್ತದೆ, ಆ ಕೊಬ್ಬೇ ಸಾವಿರಾರು ಕಿಲೋಮೀಟರುಗಳ ಹಾರಾಟಕ್ಕೆ ಇಂಧನವಾಗುತ್ತದೆ. ಹೊರಡುವ ದಿನವನ್ನು ಮಾತ್ರ ಗಾಳಿಯ ದಿಕ್ಕು ಮತ್ತು ಮೋಡದ ಸ್ಥಿತಿ ನಿರ್ಧರಿಸುತ್ತವೆ.

ಸೈಬೀರಿಯಾ, ಮಂಗೋಲಿಯಾ, ಟಿಬೆಟ್ಟುಗಳಿಂದ ಭಾರತಕ್ಕೆ ಇಳಿಯುವ ಹಕ್ಕಿಗಳ ಹಾದಿಯನ್ನು ಮಧ್ಯ ಏಷ್ಯಾ ವಲಸೆ ಮಾರ್ಗವೆಂದು ಕರೆಯಲಾಗುತ್ತದೆ; ಇದು ಮೂವತ್ತು ದೇಶಗಳನ್ನು ಒಳಗೊಂಡಿದೆ. ಈ ಮಾರ್ಗದ ಪ್ರಸಿದ್ಧ ಪಯಣಿಗ ಪಟ್ಟೆತಲೆ ಹೆಬ್ಬಾತು, ಉಪಗ್ರಹ ಸಾಧನಗಳ ದಾಖಲೆಯಂತೆ 7,290 ಮೀಟರು ಎತ್ತರದವರೆಗೂ ಏರಿ ಹಿಮಾಲಯವನ್ನು ದಾಟಬಲ್ಲದು. ಮಂಗೋಲಿಯಾದಲ್ಲಿ ಕುತ್ತಿಗೆಪಟ್ಟಿ ತೊಡಿಸಿದ ಹೆಬ್ಬಾತುಗಳು ಮೈಸೂರು ಸೀಮೆಯ ಹದಿನಾರು ಕೆರೆಯಲ್ಲಿ ಕಾಣಿಸಿಕೊಂಡಿವೆ. ಗದಗ ಜಿಲ್ಲೆಯ ಮಾಗಡಿ ಕೆರೆ ಈ ಹೆಬ್ಬಾತುಗಳಿಂದಲೇ ಹೆಸರಾಗಿ, 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ 1971ರ ಅಂತರರಾಷ್ಟ್ರೀಯ ಒಪ್ಪಂದದಡಿ ಗುರುತಿಸಲಾಗುವ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ, ಸೇರಿತು. ಇಷ್ಟೆಲ್ಲ ದೂರ ಬಂದ ಹಕ್ಕಿ ಮಾಗಡಿಯಲ್ಲಿ ಇಳಿಯುವುದೋ, ಅದನ್ನು ಬಿಟ್ಟು ಇನ್ನೊಂದು ಕೆರೆಗೆ ಹೋಗುವುದೋ ಎಂಬುದನ್ನು ಹಗಲಿನ ಉದ್ದವಾಗಲಿ ರಾತ್ರಿ ದಾರಿ ತೋರುವ ನಕ್ಷತ್ರಗಳಾಗಲಿ ಹೇಳಿಕೊಡುವುದಿಲ್ಲ. ಅಲ್ಲಿಂದ ಮುಂದಿನ ನಿರ್ಧಾರ ಕೆರೆಯ ಕೈಯಲ್ಲಿದೆ.

ಕೆರೆಯೊಂದು ಹಕ್ಕಿಗಳಿಗೆ ಒದಗುವ ಬಗೆಯನ್ನು ಅವುಗಳ ಕಾಲಿನ ಉದ್ದದಿಂದಲೇ ಅಳೆಯಬಹುದು. ಗದ್ದೆಗೊರವಕ್ಕೆ ಬೇಕಾಗಿರುವುದು ಕೆಲವೇ ಸೆಂಟಿಮೀಟರು ನೀರು ಅಥವಾ ಬರಿಯ ಹಸಿ ಕೆಸರು. ಮೆಟ್ಟುಗಾಲು ಹಕ್ಕಿ ಗೇಣುದ್ದದ ನೀರಿನಲ್ಲಿ ನಿರಾತಂಕವಾಗಿ ನಡೆಯುತ್ತದೆ. ಸೂಜಿಬಾಲದ ಬಾತು ತಲೆಯನ್ನು ಮುಳುಗಿಸಿ ಬಾಲವನ್ನು ಮೇಲೆತ್ತಿ ತಳದ ಬೀಜ ಮತ್ತು ಗೆಡ್ಡೆಗಳನ್ನು ಹೆಕ್ಕುವುದರಿಂದ ಅದರ ಕುತ್ತಿಗೆಗೆ ನಿಲುಕುವಷ್ಟು ಆಳವೇ ಅದಕ್ಕೆ ಮಿತಿ. ನೀರುಕಾಗೆ ಮತ್ತು ಗುಳುಮುಳುಕಗಳಂಥ ಮುಳುಗುಹಕ್ಕಿಗಳಿಗೆ ಮಾತ್ರ ಆಳದ ನೀರು ಹಿತ. ದೇವನಕ್ಕಿಗೆ ತಾವರೆ ಮತ್ತು ನೈದಿಲೆಗಳ ಎಲೆ ಹಾಸಿರಬೇಕು, ಜಂಬುಕೋಳಿಗೆ ಜೊಂಡು ಬೇಕು. ಹೀಗಾಗಿ ಇಳಿಜಾರಾದ ಅಂಗಳವುಳ್ಳ ಹಳೆಯ ಕೆರೆಯೊಂದು ಕಾರ್ತಿಕದಿಂದ ಫಾಲ್ಗುಣದವರೆಗೆ ನಿಧಾನವಾಗಿ ಬತ್ತುತ್ತ ಹೋದಂತೆ, ನೀರಿನ ಅಂಚು ಪ್ರತಿವಾರವೂ ಕೆಲವು ಹೆಜ್ಜೆ ಹಿಂದೆ ಸರಿದು ಹೊಸ ಕೆಸರನ್ನು, ಅದರೊಳಗಿನ ಹುಳುಗಳನ್ನು ಹಕ್ಕಿಗಳಿಗೆ ಒಪ್ಪಿಸುತ್ತದೆ. ಒಂದೇ ಕೆರೆ ಒಂದೇ ಋತುವಿನಲ್ಲಿ ಮೊದಲು ಬಾತುಗಳಿಗೆ, ಆಮೇಲೆ ಮೆಟ್ಟುಗಾಲು ಹಕ್ಕಿಗಳಿಗೆ, ಕೊನೆಗೆ ಗೊರವಗಳಿಗೆ ಆಸರೆಯಾಗುವುದು ಹೀಗೆ.

ಈ ಕಾರಣದಿಂದಲೇ ಕೆರೆಯ ಹೂಳೆತ್ತುವ ಕಾಮಗಾರಿಗಳನ್ನು ಪಕ್ಷಿಪ್ರಿಯರು ಆತಂಕದಿಂದ ನೋಡಬೇಕಾಗಿದೆ. ಹೂಳು ತೆಗೆಯುವುದು ತಪ್ಪಲ್ಲ, ಅದು ರೈತರಿಗೆ ಅಗತ್ಯ. ಆದರೆ ಯಂತ್ರಗಳಿಂದ ಕೆರೆಯ ಅಂಗಳವನ್ನೆಲ್ಲ ಒಂದೇ ಆಳಕ್ಕೆ ಅಗೆದು, ದಡವನ್ನು ಕಡಿದಾಗಿಸಿ, ಸುತ್ತ ಕಲ್ಲು ಕಟ್ಟಿ, ಏರಿಯ ಮೇಲೆ ದೀಪದ ಕಂಬಗಳನ್ನು ನೆಟ್ಟ ಮೇಲೆ ಅಲ್ಲಿ ಮಳೆನೀರಿನ ತೊಟ್ಟಿಯೊಂದು ಉಳಿಯುತ್ತದೆಯೇ ಹೊರತು ಗೊರವಕ್ಕೆ ಕಾಲೂರಲು ಜಾಗ ಉಳಿಯುವುದಿಲ್ಲ. ಒಳಹರಿವಿನ ಕಡೆಯ ಮೂರನೆಯ ಒಂದು ಭಾಗದಷ್ಟು ಅಂಗಳವನ್ನಾದರೂ ಮುಟ್ಟದೆ ಬಿಡುವುದು ಹೆಚ್ಚು ಖರ್ಚಿನ ಕೆಲಸವಲ್ಲ.

ಮಳೆಗಾಲದ ನೆಲೆಗಳ ತರ್ಕ ಬತ್ತುತ್ತ ಹೋಗುವ ಚಳಿಗಾಲದ ಕೆರೆಗಳ ತರ್ಕಕ್ಕೆ ತಿರುಗುಮುರುಗು. ತೀರ್ಥಹಳ್ಳಿ ರಸ್ತೆಯಲ್ಲಿ ಶಿವಮೊಗ್ಗದಿಂದ ಸುಮಾರು ಮೂವತ್ತು ಕಿಲೋಮೀಟರು ದೂರದ ಮಂಡಗದ್ದೆಯ ನಡುಗಡ್ಡೆ ಒಂದು ಎಕರೆಗಿಂತ ಸ್ವಲ್ಪವೇ ಹೆಚ್ಚು ವಿಸ್ತಾರದ್ದು. ಆದರೂ ಮುಂಗಾರು ಹಿಡಿದ ಮೇಲೆ ಬೆಳ್ಳಕ್ಕಿ, ನೀರುಕಾಗೆ ಮತ್ತು ಹಾವಕ್ಕಿಗಳು ಅಲ್ಲಿನ ಮರಗಳಲ್ಲಿ ಒತ್ತೊತ್ತಾಗಿ ಗೂಡು ಕಟ್ಟುತ್ತವೆ. ಇವು ಹಿಮಾಲಯ ದಾಟಿ ಬಂದವಲ್ಲ. ವರ್ಷದ ಉಳಿದ ಕಾಲದಲ್ಲಿ ಸುತ್ತಲಿನ ಜಿಲ್ಲೆಗಳ ಕೆರೆ ಗದ್ದೆಗಳಲ್ಲಿ ಚದುರಿರುವ ಈ ಹಕ್ಕಿಗಳ ಓಡಾಟವನ್ನು ಸ್ಥಳೀಯ ವಲಸೆ ಎನ್ನುತ್ತಾರೆ. ನಡುಗಡ್ಡೆಯ ಸುತ್ತ ಕೆಂಪಾಗಿ ಉಕ್ಕುವ ತುಂಗೆಯೇ ಅವುಗಳ ಕಾವಲು, ಏಕೆಂದರೆ ಆ ಸೆಳವನ್ನು ದಾಟಿ ಕಾಡುಬೆಕ್ಕಾಗಲಿ ನಾಯಿಯಾಗಲಿ ಗೂಡಿನವರೆಗೆ ಬರಲಾರದು. ಜೊತೆಗೆ ಮೀನುಗಳು ಮರಿಮಾಡಿ, ಗದ್ದೆಗಳಲ್ಲಿ ಏಡಿ ಮತ್ತು ಗೊದಮೊಟ್ಟೆಗಳು ತುಂಬುವ ಕಾಲವೂ ಇದೇ ಆಗಿದ್ದು, ದಿನಕ್ಕೆ ಹಲವು ಸಲ ಉಣಿಸಬೇಕಾದ ಮರಿಗಳಿಗೆ ಆಹಾರದ ಕೊರತೆಯಾಗುವುದಿಲ್ಲ. 1989ರಲ್ಲಿ ಪಕ್ಷಿಧಾಮವೆಂದು ಘೋಷಿತವಾದ ಗುಡವಿಯಲ್ಲಿ ಇದೇ ಕೆಲಸವನ್ನು ಮಳೆಯಿಂದ ತುಂಬುವ ಕೆರೆ ಮಾಡುತ್ತದೆ. ಬಿಳಿ ಕೆಂಬರಲುಗಳು ನೀರಿನಲ್ಲಿ ಅರೆ ಮುಳುಗಿದ ಮರಗಳನ್ನೇ ಗೂಡಿಗೆ ಆರಿಸಿಕೊಳ್ಳುತ್ತವೆ. ಮಳೆ ತಡವಾದ ವರ್ಷ ಮರಗಳ ಬುಡಕ್ಕೆ ನೀರು ಬರುವುದೂ ತಡವಾಗುವುದರಿಂದ ಗೂಡಿನ ಕೆಲಸವೂ ಹಿಂದೆ ಬೀಳುತ್ತದೆ. ಅದೇ ಕರ್ನಾಟಕದ ರಂಗನತಿಟ್ಟಿನಲ್ಲಿ ಹಳೆಯ ಅಣೆಕಟ್ಟಿನಿಂದ ಉಂಟಾದ ಕಾವೇರಿಯ ನಡುಗಡ್ಡೆಗಳ ಸುತ್ತ ಬೇಸಿಗೆಯಲ್ಲೂ ನೀರಿರುವುದರಿಂದ ಬಣ್ಣದ ಕೊಕ್ಕರೆಗಳು ವರ್ಷದ ಮೊದಲರ್ಧದಲ್ಲೇ ಮರಿಮಾಡುತ್ತವೆ. ಒಂದೇ ರಾಜ್ಯದ ಎರಡು ಪಕ್ಷಿಧಾಮಗಳ ಋತು ಹೀಗೆ ಬೇರೆಯಾಗುವುದನ್ನು ಹವಾಮಾನವೊಂದರಿಂದಲೇ ವಿವರಿಸಲಾಗದು.

ಈ ಸೀಮೆಯ ಅತ್ಯಂತ ವಿಶಿಷ್ಟವಾದ ದೃಷ್ಟಾಂತ ಭದ್ರಾ ಜಲಾಶಯದ ನದಿ ರೀವ. ಕರಿ ಟೊಪ್ಪಿಗೆ, ಹಳದಿ ಕೊಕ್ಕು, ಕವಲೊಡೆದ ಉದ್ದನೆಯ ಬಾಲವುಳ್ಳ ಈ ಹಕ್ಕಿ ಮೂಲತಃ ದೊಡ್ಡ ನದಿಗಳ ಮರಳುದಿಣ್ಣೆಗಳಲ್ಲಿ ಬರಿ ನೆಲದ ಮೇಲೆ ಮೊಟ್ಟೆಯಿಡುವಂಥದ್ದು. ಅಣೆಕಟ್ಟೆಗಳಿಂದ ಹೊಳೆಗಳ ಹರಿವು ಬದಲಾಗಿ, ಮರಳು ಲಾರಿಗಳ ಪಾಲಾಗಿ, ಉಳಿದ ದಿಣ್ಣೆಗಳಿಗೆ ನಾಯಿಗಳ ಕಾಟ ಹೆಚ್ಚಿದ್ದರಿಂದ ಅದು ಹಲವೆಡೆ ಕ್ಷೀಣಿಸಿ, ಜಾಗತಿಕ ಕೆಂಪುಪಟ್ಟಿಯಲ್ಲಿ ಅಪಾಯಕ್ಕೀಡಾಗಬಲ್ಲ ಪ್ರಭೇದವಾಗಿ ದಾಖಲಾಗಿದೆ. ಭದ್ರೆಯಲ್ಲಿ ಮಾತ್ರ ಅಣೆಕಟ್ಟೆಯೇ ಅದಕ್ಕೆ ಹೊಸ ನೆಲೆ ಒದಗಿಸಿದೆ. ಪೂರ್ಣ ಮಟ್ಟ 186 ಅಡಿಯಿರುವ ಜಲಾಶಯದಿಂದ ಬೇಸಿಗೆ ಬೆಳೆಗೆ ನಾಲೆಗಳ ಮೂಲಕ ನೀರು ಬಿಡುತ್ತ ಹೋದಂತೆ, ಹಿಂದೆ ಮುಳುಗಿದ ಗುಡ್ಡಗಳ ನೆತ್ತಿಗಳು ಒಂದೊಂದಾಗಿ ಮೇಲೇಳುತ್ತವೆ. ಮರವಿಲ್ಲದ, ಹುಲ್ಲೂ ಹೆಚ್ಚಿಲ್ಲದ, ಸುತ್ತಲೂ ನೀರಿರುವ ಆ ಬೋಳು ನಡುಗಡ್ಡೆಗಳು ಮರಳುದಿಣ್ಣೆಯ ಎಲ್ಲ ಗುಣಗಳನ್ನೂ ಹೊಂದಿರುವುದರಿಂದ ಜನವರಿಯಿಂದ ಮೇ ತಿಂಗಳವರೆಗೆ ರೀವಗಳು ಅಲ್ಲಿ ದೊಡ್ಡ ಸಂಖ್ಯೆಯಲ್ಲಿ ನೆರೆಯುತ್ತವೆ. ಮೊಟ್ಟೆಗಳ ಬಣ್ಣ ನೆಲದ ಕಲ್ಲುಮಣ್ಣುಗಳಿಗೆ ಎಷ್ಟು ಹೊಂದುತ್ತದೆಯೆಂದರೆ ಹತ್ತಿರ ನಿಂತವರಿಗೂ ಅವು ಕಾಣುವುದಿಲ್ಲ. ಸುಮಾರು ಮೂರು ವಾರದ ಕಾವಿನಲ್ಲಿ ತಾಯಿತಂದೆಗಳ ದೊಡ್ಡ ಕೆಲಸ ಮೊಟ್ಟೆಯನ್ನು ಬೆಚ್ಚಗಿಡುವುದಕ್ಕಿಂತ ಬಿಸಿಲಿನಿಂದ ಕಾಯುವುದು. ಅದಕ್ಕಾಗಿ ಅವು ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ತೋಯಿಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕೂರುತ್ತವೆ.

ಇಲ್ಲಿ ಅಡಿಗಳ ಲೆಕ್ಕ ಪ್ರಾಣದ ಲೆಕ್ಕವಾಗುತ್ತದೆ. ನೀರು ತೀರ ನಿಧಾನವಾಗಿ ಇಳಿದರೆ ನಡುಗಡ್ಡೆಗಳು ತಡವಾಗಿ ಎದ್ದು, ಮರಿಗಳು ಹಾರುವ ಮೊದಲೇ ಮುಂಗಾರಿನ ನೀರು ಏರಿಬರುತ್ತದೆ. ತೀರ ಬೇಗ ಇಳಿದರೆ ನಡುಗಡ್ಡೆಗೂ ದಡಕ್ಕೂ ನಡುವೆ ಒಣನೆಲ ತೆರೆದುಕೊಂಡು ನರಿ ನಾಯಿಗಳಿಗೆ ದಾರಿಯಾಗುತ್ತದೆ. ನೀರು ಬಿಡುವ ನಿರ್ಧಾರವನ್ನು ಬೆಳೆ ಮತ್ತು ಕುಡಿಯುವ ನೀರಿನ ಅಗತ್ಯಗಳೇ ಮಾಡಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ರೀವಗಳು ಕಾವು ಕೂತಿರುವ ವಾರಗಳಲ್ಲಿ ದೋಣಿಗಳು ನಡುಗಡ್ಡೆಯಿಂದ ಸಾಕಷ್ಟು ದೂರದಲ್ಲೇ ನಿಲ್ಲುವಂತೆ ನೋಡಿಕೊಳ್ಳುವುದು ಪೂರ್ತಿಯಾಗಿ ಮನುಷ್ಯರ ಕೈಯಲ್ಲಿದೆ. ಚಿತ್ರಕ್ಕಾಗಿ ಹತ್ತಿರ ಹೋದ ದೋಣಿಯಿಂದ ಹಕ್ಕಿಗಳು ಎದ್ದರೆ, ಏಪ್ರಿಲ್ ಮಧ್ಯಾಹ್ನದ ಬಿಸಿಲಿನಲ್ಲಿ ಮೊಟ್ಟೆಯೊಳಗಿನ ಜೀವ ಸಾಯಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಜಲಾಶಯದಿಂದ ಹೊರಟ ನೀರು ಒಂದು ಲಕ್ಷ ಹೆಕ್ಟೇರಿಗೂ ಮಿಕ್ಕಿದ ಅಚ್ಚುಕಟ್ಟನ್ನು ತಲುಪುವಾಗ ಇನ್ನೊಂದು ಬಗೆಯ ನೆಲೆಯಾಗುತ್ತದೆ. ಭತ್ತದ ಗದ್ದೆ ನೀರಹಕ್ಕಿಯ ಪಾಲಿಗೆ ಆಳವಿಲ್ಲದ ಕೆರೆಯೇ ಸರಿ. ಬಾಯ್ಕಳಕ ಕೊಕ್ಕರೆ ತನ್ನ ಸಂದುಬಿಟ್ಟ ಕೊಕ್ಕಿನಿಂದ ಗದ್ದೆಯ ಬಸವನಹುಳುಗಳನ್ನು ಬಿಡಿಸಿ ತಿನ್ನುವುದು, ಬೆಳ್ಳಕ್ಕಿಗಳ ಹಿಂಡು ಉಳುಮೆಯ ಹಿಂದೆ ನಡೆಯುವುದು ಇಲ್ಲಿಯೇ. ಈ ಗದ್ದೆಗಳು ಭದ್ರಾವತಿ ಮತ್ತು ಚನ್ನಗಿರಿಗಳ ಸುತ್ತ ವರ್ಷದಿಂದ ವರ್ಷಕ್ಕೆ ಅಡಿಕೆ ತೋಟಗಳಾಗುತ್ತಿವೆ. ಅಡಿಕೆಯ ಬೆಲೆಯನ್ನು ಬಲ್ಲವರು ರೈತರನ್ನು ದೂರಲಾರರು. ಆದರೂ ಗದ್ದೆ ತೋಟವಾದಾಗ ಅಲ್ಲಿ ನಿಲ್ಲುತ್ತಿದ್ದ ಗೇಣು ನೀರು ಕಾಣೆಯಾಗುತ್ತದೆ, ಪಕ್ಷಿಧಾಮದ ಗಡಿಯೊಳಗೆ ಒಂದು ಮರವನ್ನೂ ಕಡಿಯದಿದ್ದರೂ ಅಲ್ಲಿನ ಗೂಡುಗಳಿಗೆ ಸಾಗುವ ಆಹಾರ ಕಡಿಮೆಯಾಗುತ್ತದೆ. ಮರಿಗಳಿಗಾಗಿ ದಿನವಿಡೀ ಹಾರುವ ಹಕ್ಕಿಗೆ ಗೂಡಿಗೂ ಗದ್ದೆಗೂ ನಡುವಿನ ದೂರ ಹೆಚ್ಚಿದಷ್ಟೂ ಬದುಕುವ ಮರಿಗಳ ಸಂಖ್ಯೆ ಕುಗ್ಗುತ್ತದೆ ಎಂಬುದನ್ನು ಪಕ್ಷಿಧಾಮಗಳ ನಕಾಶೆ ಬರೆಯುವವರು ಇನ್ನೂ ಗಂಭೀರವಾಗಿ ಪರಿಗಣಿಸಬೇಕಾಗಿದೆ.

1987ರಿಂದ ಪ್ರತಿವರ್ಷ ಜನವರಿಯಲ್ಲಿ ನಡೆಯುವ ಏಷ್ಯಾದ ನೀರಹಕ್ಕಿಗಳ ಗಣತಿಯು ದೂರದ ವಲಸಿಗರನ್ನು ಎಣಿಸಲು ತಕ್ಕ ಕಾಲವನ್ನೇ ಆರಿಸಿಕೊಂಡಿದೆ. ಆದರೆ ಮಲೆನಾಡಿನ ಈ ಅಂಚಿಗೆ ಆ ಒಂದು ಗಣತಿ ಸಾಲದು. ಜನವರಿಯಲ್ಲಿ ಮಂಡಗದ್ದೆಯ ಮರಗಳು ಬರಿದಾಗಿರುತ್ತವೆ, ಭದ್ರೆಯ ರೀವಗಳು ಇನ್ನೂ ಸೇರತೊಡಗಿರುತ್ತವೆ ಅಷ್ಟೆ. ಆಗಸ್ಟಿನಲ್ಲಿ ಗೂಡುಗಳ ಎಣಿಕೆ, ಏಪ್ರಿಲ್‌ನಲ್ಲಿ ದೂರದಿಂದ ರೀವಗಳ ಎಣಿಕೆ ಜೊತೆಗೂಡಿದರೆ ಮಾತ್ರ ಚಿತ್ರ ಪೂರ್ಣವಾದೀತು. ಹಾಗೆ ಎಣಿಸುವವರು ದಿನಪತ್ರಿಕೆಗಳಲ್ಲಿ ಅಚ್ಚಾಗುವ ಜಲಾಶಯಗಳ ಮಟ್ಟದ ಪಟ್ಟಿಯನ್ನು ಕತ್ತರಿಸಿ ಇಟ್ಟುಕೊಳ್ಳುವುದು ಲೇಸು. ಮೂರೂ ಚಿಲ್ಲರೆ ಟಿಎಂಸಿಯ ಗಾಜನೂರಿನ ಅಣೆಕಟ್ಟೆ ಮುಂಗಾರಿನ ಮೊದಲ ವಾರಗಳಲ್ಲೇ ತುಂಬಿ ಬಾಗಿಲು ತೆರೆದರೆ, ಎಪ್ಪತ್ತೊಂದು ಟಿಎಂಸಿಗೂ ಹೆಚ್ಚು ನೀರು ಹಿಡಿಯುವ ಭದ್ರೆ ತುಂಬಲು ತಿಂಗಳುಗಳೇ ಬೇಕು. ಈ ಎರಡು ಜಲಾಶಯಗಳ ಮಟ್ಟದ ಅಂಕಿಗಳ ಪಕ್ಕದಲ್ಲಿ ಆಯಾ ವಾರದ ಹಕ್ಕಿಗಳ ಲೆಕ್ಕವನ್ನು ಬರೆದಿಡುತ್ತ ಹೋದರೆ, ಯಾವ ಮಟ್ಟದಲ್ಲಿ ಯಾವ ನಡುಗಡ್ಡೆ ಏಳುತ್ತದೆ, ಯಾವ ಹಕ್ಕಿ ಎಂದು ಬರುತ್ತದೆ ಎಂಬುದನ್ನು ಮುಂದಿನ ಬೇಸಿಗೆಯಲ್ಲಿ ಬಾಗಿಲು ತೆರೆಯುವ ಎಂಜಿನಿಯರುಗಳಿಗೂ ಮುಂಚಿತವಾಗಿ ತಿಳಿಸಲು ಸಾಧ್ಯವಾಗುತ್ತದೆ.