ವಚನಪಾಠದ ವಿಶ್ವಾಸಾರ್ಹತೆ: ಪ್ರತಿಯೂ ಸಾಕ್ಷಿಯೂ

ಒಂದು ಗ್ರಂಥದ ಪಾಠವು ನಂಬಲರ್ಹವಾದುದೆಂದು ನಾವು ಹೇಳುವಾಗ ನಿಜವಾಗಿ ಏನನ್ನು ಹೇಳಿದಂತಾಗುವುದು? ಈ ಪ್ರಶ್ನೆಯು ಗ್ರಂಥಸಂಪಾದಕರಿಗೆ ಹಳೆಯದು. ಆದರೆ ವಚನಗಳನ್ನು ಇಂದು ಓಲೆಯಲ್ಲಿಯೂ ಅಚ್ಚಿನಲ್ಲಿಯೂ ಓದುವವರಿಗಿಂತ ಗಣಕಯಂತ್ರದ ತೆರೆಯ ಮೇಲೆ ಓದುವವರೇ ಹೆಚ್ಚಾಗುತ್ತಿರುವುದರಿಂದ ಅದೇ ಪ್ರಶ್ನೆಯು ತಂತ್ರಾಂಶವನ್ನು ಕಟ್ಟುವವರ ಎದುರಿಗೂ ಬಂದು ನಿಂತಿರುವುದು. ದೊಡ್ಡ ಗಣಕವ್ಯವಸ್ಥೆಗಳ ವಿಶ್ವಾಸಾರ್ಹತೆಯೆಂಬುದು ಆ ಎಂಜಿನಿಯರರಲ್ಲಿ ಒಂದು ಪ್ರತ್ಯೇಕ ಶಾಸ್ತ್ರವೇ ಆಗಿ ಬೆಳೆದಿದೆ. ಈ ಎರಡು ಶಾಸ್ತ್ರಗಳನ್ನು ಒಂದೆಡೆ ಇಟ್ಟು ನೋಡುವುದೇ ಪ್ರಸ್ತುತ ಲೇಖನದ ಉದ್ದೇಶವು.

ಇದಕ್ಕೆ ವಿಜಯಪುರ ಜಿಲ್ಲೆಯ ನಾಲ್ಕು ತಾಲೂಕುಗಳೇ ಸಾಕಷ್ಟು ಸಾಮಗ್ರಿಯನ್ನು ಒದಗಿಸುವುವು. ಬಸವನ ಬಾಗೇವಾಡಿಯು ಬಸವಣ್ಣನವರ ಜನ್ಮಭೂಮಿ. ಮುದ್ದೇಬಿಹಾಳ ತಾಲೂಕಿನ ತಂಗಡಗಿಯು ನೀಲಾಂಬಿಕೆಯು ಐಕ್ಯಳಾದ ಸ್ಥಳವೆಂದು ಪ್ರಸಿದ್ಧವಾಗಿದೆ. ಸಿಂದಗಿ ತಾಲೂಕಿನ ಯರಗಲ್ಲಿನಲ್ಲಿ 1938ರಲ್ಲಿ ಜನಿಸಿದ ಡಾ. ಎಂ. ಎಂ. ಕಲಬುರ್ಗಿಯವರು ಗ್ರಂಥಸಂಪಾದನಶಾಸ್ತ್ರವನ್ನು ಕನ್ನಡದಲ್ಲಿ ಬರೆದವರು. ಅಂದು ಇಂಡಿ ತಾಲೂಕಿಗೆ ಸೇರಿದ್ದ ಹಲಸಂಗಿಯ ಗೆಳೆಯರಾದರೋ ಹೆಂಗಳೆಯರ ಬಾಯಿಯಲ್ಲಿದ್ದ ಹಾಡನ್ನು ‘ಗರತಿಯ ಹಾಡು’ ಎಂಬ ಹೆಸರಿನಿಂದ ಅಚ್ಚಿಗೆ ತಂದವರು. ನುಡಿದವರು, ಬಾಯಲ್ಲಿ ಉಳಿಸಿದವರು, ಶೋಧಿಸಿದವರು ಮೂವರೂ ಈ ಒಂದೇ ಸೀಮೆಯಲ್ಲಿ ದೊರೆಯುತ್ತಾರೆ.

ವಚನಪಾಠವು ನಮ್ಮವರೆಗೆ ಬಂದ ದಾರಿಯನ್ನು ಮೊದಲು ಸಂಗ್ರಹವಾಗಿ ನೋಡೋಣ. 12ನೆಯ ಶತಮಾನದ ನುಡಿಗಳು ಓಲೆಗರಿಗಳಲ್ಲಿ ಚದುರಿ ಮಠಗಳಲ್ಲಿಯೂ ಮನೆಗಳಲ್ಲಿಯೂ ಉಳಿದುವು. 15ನೆಯ ಶತಮಾನದಿಂದ ‘ಶೂನ್ಯಸಂಪಾದನೆ’ಯು ಅವುಗಳಲ್ಲಿ ಕೆಲವನ್ನು ಸಂವಾದರೂಪವಾಗಿ ಜೋಡಿಸಿತು, ಆ ಕೃತಿಯೇ ನಾಲ್ವರು ಸಂಕಲನಕಾರರ ಕೈಯಲ್ಲಿ ನಾಲ್ಕು ರೂಪಗಳನ್ನು ತಾಳಿತು. ವಿಜಯಪುರದ ಫ. ಗು. ಹಳಕಟ್ಟಿಯವರು ಓಲೆಗಳನ್ನು ಶೋಧಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು, 1926ರಿಂದ ‘ಶಿವಾನುಭವ’ ಪತ್ರಿಕೆಯನ್ನು ನಡೆಯಿಸಿದರು. 1993ರಲ್ಲಿ ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನಗಳು 15 ಸಂಪುಟಗಳಾಗಿ ಹೊರಬಂದುವು. ಅನಂತರ ‘ವಚನ ಸಂಚಯ’ವೆಂಬ ಜಾಲತಾಣವು 20 ಸಾವಿರಕ್ಕೂ ಮಿಕ್ಕ ವಚನಗಳನ್ನು ಪದಪದವಾಗಿ ಹುಡುಕಲು ಬರುವಂತೆ ಮಾಡಿತು. ಒಂದು ಶಬ್ದದ ಪ್ರಯೋಗಗಳನ್ನು ಕಲೆಹಾಕಲು ತಿಂಗಳುಗಟ್ಟಲೆ ಕುಳಿತವರಿಗೆ ಈ ಉಪಕಾರದ ಬೆಲೆ ತಿಳಿದೀತು. ಆ ವಿಷಯದಲ್ಲಿ ನಮ್ಮದು ಕೃತಜ್ಞತೆಯೇ ಹೊರತು ಆಕ್ಷೇಪವಲ್ಲ.

ನಮ್ಮ ಶಂಕೆಯಿರುವುದು ಬೇರೊಂದು ಕಡೆಗೆ. ಇಂದು ಒಂದು ವಚನವು ಹತ್ತಾರು ತಾಣಗಳಲ್ಲಿ, ನೂರಾರು ಮೊಬೈಲುಗಳಲ್ಲಿ ದೊರೆಯುವುದು. ಇಷ್ಟೆಲ್ಲ ಕಡೆ ಒಂದೇ ಪಾಠವಿರಲು ಅದು ನಿಶ್ಚಿತವಾದುದೆಂದು ವಿದ್ಯಾರ್ಥಿಯು ಭಾವಿಸುವನು. ಆದರೆ ಒಂದು ಮೂಲದಿಂದ ಇಳಿದ ಹತ್ತು ಪ್ರತಿಗಳು ಹತ್ತು ಸಾಕ್ಷಿಗಳಲ್ಲ, ಒಂದೇ ಸಾಕ್ಷಿ. ಇದು ಗ್ರಂಥಸಂಪಾದನೆಯ ಮೊದಲ ಪಾಠವು. ಮೂಲದ ಲಿಪಿಕಾರನು ತಪ್ಪಿದ್ದರೆ ಹತ್ತೂ ಪ್ರತಿಗಳು ಒಕ್ಕೊರಲಿನಿಂದ ಆ ತಪ್ಪನ್ನೇ ಹೇಳುವುವು.

ಎಂಜಿನಿಯರರು ಈ ಸತ್ಯವನ್ನು ಬಹಳ ಬೆಲೆ ತೆತ್ತು ಕಲಿತರು. 1996ರ ಜೂನ್ 4ರಂದು ಯೂರೋಪಿನ ಆರಿಯಾನ್ 5 ಎಂಬ ರಾಕೆಟ್ಟು ತನ್ನ ಮೊದಲ ಹಾರಾಟದಲ್ಲಿ, ಮೇಲೇರಿದ ಸುಮಾರು 40 ಸೆಕೆಂಡುಗಳಲ್ಲಿ ನಾಶವಾಯಿತು. ಅದರ ಚಲನೆಯನ್ನು ಅಳೆಯುವ ಯಂತ್ರಕ್ಕೆ ಅಪಾಯಕಾಲಕ್ಕೆಂದು ಇನ್ನೊಂದು ಯಂತ್ರವನ್ನು ಜೋಡಿಸಿದ್ದರು. ಆದರೆ ಎರಡರಲ್ಲಿಯೂ ಇದ್ದುದು ಒಂದೇ ತಂತ್ರಾಂಶ. ಅದೂ ಹಿಂದಿನ ಆರಿಯಾನ್ 4ರಿಂದ ಬಂದುದು. ಚಿಕ್ಕ ಸಂಖ್ಯೆಗೆಂದು ಇಟ್ಟ ಸ್ಥಳದಲ್ಲಿ ದೊಡ್ಡ ಸಂಖ್ಯೆಯನ್ನು ಹಿಡಿಸಹೋಗಿ ಬೆಂಬಲದ ಯಂತ್ರವು ಮೊದಲು ಕೆಟ್ಟಿತು. ಕ್ಷಣಾರ್ಧದಲ್ಲಿ ಮುಖ್ಯಯಂತ್ರವೂ ಅದೇ ಕಾರಣದಿಂದ ಕೆಟ್ಟಿತು. ಯಂತ್ರಗಳು ಎರಡಿದ್ದರೂ ಸಾಕ್ಷಿ ಒಂದೇ ಆಗಿತ್ತು.

ಬಾಳಿಕೆಯೂ ಪ್ರಾಮಾಣ್ಯವಲ್ಲ. ಬಸವನ ಬಾಗೇವಾಡಿ ತಾಲೂಕಿನ ಇಂಗಳೇಶ್ವರದಲ್ಲಿ ವಚನಗಳನ್ನು ಶಿಲೆಯಲ್ಲಿ ಕೊರೆಯಿಸಿ ಮಂಟಪವನ್ನೇ ಕಟ್ಟಿರುವರು. ಆ ಭಕ್ತಿಯು ಸ್ತುತ್ಯವಾದುದು. ಆದರೆ ಶಿಲೆಯು ಪಾಠವನ್ನು ಕಾಯುವುದಲ್ಲದೆ ತಿದ್ದಲಾರದು. ಸರಿಯನ್ನು ಎಷ್ಟು ಕಾಲ ಉಳಿಸುವುದೋ ತಪ್ಪನ್ನೂ ಅಷ್ಟೇ ಕಾಲ ಉಳಿಸುವುದು. ಗಣಕದ ದೋಷವು ಇದಕ್ಕೆ ವಿರುದ್ಧವಾದುದು: ಅಲ್ಲಿ ತಿದ್ದುವುದು ಅತಿ ಸುಲಭ, ತಿದ್ದಿದ ಗುರುತು ಉಳಿಯುವುದೇ ಕಷ್ಟ.

ಈ ಮಾತು ಬರಿಯ ಊಹೆಯಲ್ಲವೆಂಬುದಕ್ಕೆ ಅಂಕಿತದ ಪ್ರಕರಣವೇ ನಿದರ್ಶನ. ಅಂಕಿತವು ವಚನಕಾರನ ಹಸ್ತಾಕ್ಷರ. ಕರ್ತೃನಿರ್ಣಯವು ಬಹುಮಟ್ಟಿಗೆ ಅದನ್ನೇ ಅವಲಂಬಿಸಿದೆ. ಮಾತೆ ಮಹಾದೇವಿಯವರು ‘ಬಸವ ವಚನ ದೀಪ್ತಿ’ಯಲ್ಲಿ ಬಸವಣ್ಣನವರ ‘ಕೂಡಲಸಂಗಮದೇವ’ ಎಂಬ ಅಂಕಿತದ ಸ್ಥಾನದಲ್ಲಿ ‘ಲಿಂಗದೇವ’ ಎಂದು ಮುದ್ರಿಸಿದರು. 1998ರಲ್ಲಿ ಕರ್ನಾಟಕ ಸರ್ಕಾರವು ಆ ಗ್ರಂಥವನ್ನು ಮುಟ್ಟುಗೋಲು ಹಾಕಿತು. 2017ರಲ್ಲಿ ಸುಪ್ರೀಂ ಕೋರ್ಟು ಆ ಆಜ್ಞೆಯನ್ನು ಎತ್ತಿಹಿಡಿಯಿತು. ಗ್ರಂಥವನ್ನು ನಿಷೇಧಿಸುವುದು ಯುಕ್ತವೋ ಅಯುಕ್ತವೋ ಎಂಬುದು ಇಲ್ಲಿಯ ವಿಚಾರವಲ್ಲ. ಬದಲಾವಣೆಯು ಎಲ್ಲರಿಗೂ ಕಂಡಿತೇಕೆ? ಬೇರೆ ಬೇರೆ ಕೈಗಳಲ್ಲಿ, ಬೇರೆ ಬೇರೆ ಕಾಲದ ಓಲೆಗಳೂ ಮುದ್ರಣಗಳೂ ಉಳಿದಿದ್ದುವು. ಎಲ್ಲರೂ ಒಂದೇ ಕಡತದಿಂದ ಓದುವ ಕಾಲದಲ್ಲಿ ಒಂದು ಆಜ್ಞೆಯಿಂದ ಸಾವಿರ ವಚನಗಳ ಅಂಕಿತವು ಕ್ಷಣದಲ್ಲಿ ಬದಲಾಗಬಲ್ಲದು. ಬದಲಾವಣೆಯ ಲೆಕ್ಕವನ್ನು ಇಡದಿದ್ದರೆ, ಹೀಗೊಂದು ನಡೆಯಿತೆಂದು ಮುಂದಿನ ತಲೆಮಾರಿಗೆ ತಿಳಿಯುವ ಬಗೆ ಹೇಗೆ?

ತಪ್ಪನ್ನು ನಡೆಯಿಸಿಕೊಳ್ಳುವ ಒಳ್ಳೆಯ ಮೇಲ್ಪಂಕ್ತಿಯೂ ಆ ಶಾಸ್ತ್ರದಲ್ಲಿಯೇ ಇದೆ. ಕೇಶಿರಾಜನು ರಳವೆಂದು ಕರೆದ ‘ೞ’ಕಾರಕ್ಕೆ ಯೂನಿಕೋಡಿನಲ್ಲಿ ಇಂಗ್ಲಿಷಿನ ಎಫ್ ಧ್ವನಿಯ ‘ಫ಼’ ಎಂಬ ಹೆಸರು ತಪ್ಪಿನಿಂದ ಬಂದಿತು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿಯ ನಿಯಮ. ಬದಲಿಸಿದರೆ ಆ ಹೆಸರನ್ನು ನಂಬಿದ ವ್ಯವಸ್ಥೆಗಳು ಕೆಡುವುವು. ಆದುದರಿಂದ ತಪ್ಪು ಹೆಸರನ್ನು ಹಾಗೆಯೇ ಬಿಟ್ಟು, ಸರಿಯಾದ ಹೆಸರನ್ನು ಪಕ್ಕದಲ್ಲಿ ದಾಖಲಿಸಿದರು. ಹಳಗನ್ನಡದ ಅಧ್ಯಾಪಕರಿಗೆ ಇದರಿಂದ ನಗು ಬಂದೀತು. ಆದರೂ ಪ್ರಾಮಾಣಿಕ ಸಂಪಾದಕನು ಅಡಿಟಿಪ್ಪಣಿಯಲ್ಲಿ ಪಾಠಾಂತರವನ್ನು ಕೊಡುವ ಕ್ರಮವು ಇದಕ್ಕಿಂತ ಭಿನ್ನವಾದುದೇನು?

ಇಲ್ಲಿ ಹಲಸಂಗಿಯು ನಮಗೆ ಒಂದು ಎಚ್ಚರಿಕೆಯನ್ನೂ ಕೊಡುವುದು. ಬೀಸುಕಲ್ಲಿನ ಮುಂದೆ ಹುಟ್ಟಿದ ಹಾಡಿನಲ್ಲಿ ಒಬ್ಬಳ ನುಡಿಗೂ ಇನ್ನೊಬ್ಬಳ ನುಡಿಗೂ ಇರುವ ಭೇದವು ದೋಷವಲ್ಲ. ಅದೇ ಅದರ ಜೀವ. ಎಲ್ಲ ಭೇದವನ್ನೂ ಅಳಿಸಿ ಒಂದೇ ಶುದ್ಧಪಾಠವನ್ನು ನಿಲ್ಲಿಸುವುದು ವಿಶ್ವಾಸಾರ್ಹತೆಯೆಂದು ತಿಳಿದವರು ಆ ಹಾಡಿಗೆ ಅನ್ಯಾಯವನ್ನೇ ಮಾಡುವರು. ವಚನವೂ ಓಲೆಗೆ ಏರುವ ಮೊದಲು ಆಡಿದ ಮಾತಾಗಿತ್ತೆಂಬುದನ್ನು ಮರೆಯಲಾಗದು.

ಆದುದರಿಂದ ವಚನಗಳ ಗಣಕಸಂಗ್ರಹವನ್ನು ಕಟ್ಟುವವರಲ್ಲಿ ನಮ್ಮ ಬೇಡಿಕೆಗಳು ಮೂರು. ಪ್ರತಿಯೊಂದು ವಚನಕ್ಕೂ ಅದು ಯಾವ ಓಲೆಯಿಂದ ಅಥವಾ ಯಾವ ಮುದ್ರಣದಿಂದ ಬಂದಿತೆಂಬುದನ್ನು ಹೇಳಬೇಕು. ಪಾಠಾಂತರಗಳನ್ನು ಕೈಬಿಡದೆ ಜೊತೆಯಲ್ಲಿಯೇ ಇಡಬೇಕು. ತಿದ್ದುಪಡಿಯಾದಾಗಲೆಲ್ಲ ಯಾರು, ಎಂದು, ಏಕೆ ತಿದ್ದಿದರೆಂಬುದು ಅಳಿಯದೆ ಉಳಿಯಬೇಕು. ಇವು ತಂತ್ರಾಂಶದವರಿಗೆ ಹೊಸವಲ್ಲ. ತಮ್ಮ ಕೆಲಸದಲ್ಲಿ ಅವರು ನಿತ್ಯವೂ ಪಾಲಿಸುವ ನಿಯಮಗಳೇ. ಅಧ್ಯಾಪಕರಾದ ನಮ್ಮ ಪಾಲಿಗೆ ಇರುವುದು ಇನ್ನೂ ಚಿಕ್ಕ ಕೆಲಸ: ತೆರೆಯ ಮೇಲಿನ ವಚನವನ್ನು ಉದಾಹರಿಸುವ ವಿದ್ಯಾರ್ಥಿಯನ್ನು ‘ಇದಕ್ಕೆ ಸಾಕ್ಷಿ ಯಾವುದು?’ ಎಂದು ಕೇಳುವುದು. ಆ ಪ್ರಶ್ನೆಯು ನಿಂತುಹೋದ ದಿನ ಪ್ರತಿಗಳು ಲಕ್ಷವಿದ್ದರೂ ಪಾಠವು ಅನಾಥವಾಗುವುದು.