ಅರವತ್ತು ಓಮ್‌ನ ಪ್ರತಿಷ್ಠೆ

‘ಅರವತ್ತು ಬಂತಲ್ಲ, ಲೈನ್ ಬರೋಬರಿ ಐತಿ. ಡಿಸ್ಪ್ಲೇನ ಹೋಗೇತಿ, ಬದಲ್ ಮಾಡ್ರಿ.’

ಪುಣೆಯ ವಾಕಡ, ಹಿಂಜವಡಿ ಕಡೆ ಕಟ್ಟಡಗಳ ಪಾಯ ತೋಡುವ ಹಳೆಯ ಪೋಕ್ಲೇನ್‌ಗಳ ಪಕ್ಕದಲ್ಲಿ ಈ ತೀರ್ಪು ಬೀಳುವ ವೇಗ ನೋಡಬೇಕು. ವಿಜಯಪುರ, ಕಲಬುರಗಿಯಿಂದ ಬಂದ ಆಪರೇಟರುಗಳು ಕನ್ನಡದಲ್ಲಿ ಹೇಳುತ್ತಾರೆ, ಉಳಿದವರು ಮರಾಠಿಯಲ್ಲೋ ಹಿಂದಿಯಲ್ಲೋ. ಪರದೆಯ ಮೇಲೆ ಕಮ್ಯುನಿಕೇಶನ್ ಎರರ್ ಮೂಡಿತು, ಮಲ್ಟಿಮೀಟರಿನಲ್ಲಿ 60 ಬಂತು, ಸೆಕೆಂಡ್‌ಹ್ಯಾಂಡ್ ಯಂತ್ರ ಕೊಂಡವನ ಕಿಸೆಗೆ ಕತ್ತರಿ ಬಿತ್ತು. ಈ ಕಸುಬಿನಲ್ಲಿ ಅರವತ್ತು ಓಮ್ ಪರೀಕ್ಷೆಯಷ್ಟು ಅತಿಯಾಗಿ ಹೊಗಳಿಸಿಕೊಂಡದ್ದು ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಿನ್ನೆಲೆ ಬಲ್ಲವರಿಗೆ ಗೊತ್ತೇ ಇದೆ. 1986ರಲ್ಲಿ ಬಾಷ್ ಕಂಪನಿ ಜಗತ್ತಿನ ಮುಂದಿಟ್ಟ ಕ್ಯಾನ್ ಎಂಬ, ಹೈ ಮತ್ತು ಲೋ ಎಂಬ ಎರಡು ತಂತಿಯ ಏರ್ಪಾಡು ಕಾರಿನಿಂದ ಮಣ್ಣಿನ ಯಂತ್ರಕ್ಕೂ ಬಂತು. ಚಾಕಣದ ಹ್ಯುಂಡೈ ಆಗಲಿ, ವಾಕಡ ಪಕ್ಕದ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೋದರೆ ಸಿಗುವ ಧಾರವಾಡದ ಟಾಟಾ ಹಿಟಾಚಿ ಆಗಲಿ, ಎಂಜಿನ್, ಪಂಪ್, ಡಿಸ್ಪ್ಲೇ ಮೂರೂ ಮಾತಾಡಿಕೊಳ್ಳುವುದು ಈ ಜೋಡಿ ತಂತಿಯ ಮೇಲೆ. ಸಾಲಿನ ಎರಡೂ ತುದಿಗೆ 120 ಓಮ್‌ನ ಒಂದೊಂದು ರೆಸಿಸ್ಟರ್. ಬ್ಯಾಟರಿ ಕಳಚಿ ಎರಡು ತಂತಿಗಳ ನಡುವೆ ಮೀಟರ್ ಹಿಡಿದರೆ 60 ಬರಬೇಕು. 120 ಬಂದರೆ ಎಲ್ಲೋ ಒಂದು ಕಡೆ ಕಡಿದಿದೆ, 40 ಬಂದರೆ ಯಾರೋ ಮೂರನೆಯ ರೆಸಿಸ್ಟರ್ ಸೇರಿಸಿದ್ದಾರೆ. ಹಿಂದಿನ ಮಾಲೀಕ ಹಾಕಿಸಿದ ಜಿಪಿಎಸ್ ಪೆಟ್ಟಿಗೆಯ ಮೇಲೆ ಮೊದಲ ಅನುಮಾನ ಹೋಗಬೇಕಾದದ್ದು ಆಗ.

ಇಷ್ಟರ ಮಟ್ಟಿಗೆ ಪರೀಕ್ಷೆ ಒಳ್ಳೆಯದೇ, ಇಲ್ಲ ಎಂದವರಾರು? ನನ್ನ ತಕರಾರು 60 ಬರದಿದ್ದಾಗಿನ ತೀರ್ಮಾನದ ಬಗ್ಗೆ ಅಲ್ಲ, ಬಂದಾಗಿನ ತೀರ್ಮಾನದ ಬಗ್ಗೆ. ಆ ಅಂಕಿಯ ಹಿಂದೆ ಏನೆಲ್ಲ ಅಡಗಿ ಕೂರಬಹುದು ನೋಡಿ. ಕ್ಯಾಬಿನ್ ಕೆಳಗೆ ಹಾರ್ನೆಸ್ ಸವೆದು ಹೈ ತಂತಿ ಬಾಡಿಗೆ ತಾಗಿದೆ ಎನ್ನೋಣ. ಮಾತುಕತೆ ಪೂರ್ತಿ ಬಂದ್. ಆದರೆ ಮೀಟರ್ ಅಳೆಯುವುದು ಹೈ ಮತ್ತು ಲೋ ನಡುವಿನದನ್ನು; ಬಾಡಿಯ ಸಂಗತಿ ಅದರ ಲೆಕ್ಕಕ್ಕೇ ಇಲ್ಲ. 60. ಹಿಂದೆ ಯಾರೋ ಜೋಡಿಸುವಾಗ ಒಂದು ಕನೆಕ್ಟರಿನಲ್ಲಿ ಹೈ-ಲೋ ಅದಲುಬದಲು ಮಾಡಿದ್ದಾರೆ: ಆಗಲೂ 60. ಕಂಟ್ರೋಲರಿಗೆ ಕರೆಂಟೇ ಬರುತ್ತಿಲ್ಲ: ಅದೇ 60. ಮುಖ್ಯ ಸಾಲಿನಿಂದ ಕವಲೊಡೆದು ಡಿಸ್ಪ್ಲೇಗೆ ಹೋಗುವ ತುಂಡು ತಂತಿ ಕಡಿದಿದ್ದರೆ, ಎಂಜಿನ್ ಬದಿಯ ಕನೆಕ್ಟರಿನಲ್ಲಿ ಅಳೆದವನಿಗೆ ಸಿಗುವುದೂ 60 ಓಮ್. ಪುಣೆಯ ಮಳೆಗಾಲ ತಿಂದ ಪಿನ್ನಿನ ಕತೆ ಇನ್ನೂ ನಯವಾದ ಮೋಸ. ಹಸಿರು ಕಿಲುಬು ಒಂದು ತುದಿಯ ದಾರಿಯಲ್ಲಿ 10 ಓಮ್ ಹೆಚ್ಚಿಸಿತೆನ್ನಿ; 120 ಮತ್ತು 130 ಸಮಾನಾಂತರವಾಗಿ ಸೇರಿ ಮೀಟರಿಗೆ ಕಾಣುವುದು 62.4. ಎರಡು ಓಮ್ ಏರಿತೆಂದು ಯಾವ ಮೇಸ್ತ್ರಿ ಹುಬ್ಬೇರಿಸುತ್ತಾನೆ? ಇದರ ಮೇಲೆ, ಅಳತೆ ನಡೆಯುವುದು ಎಂಜಿನ್ ಬಂದಾಗಿ ಯಂತ್ರ ಅಲುಗದೆ ನಿಂತಾಗ. ದೋಷ ತಲೆ ಎತ್ತುವುದು ಬಕೆಟ್ ಬಂಡೆಗೆ ಬಡಿದು ಕ್ಯಾಬಿನ್ ನಡುಗುವಾಗ. ನಡುರಾತ್ರಿ ಎರಡು ಗಂಟೆಗೆ ಭೂಮಕರ ಚೌಕ ದಾಟಿ, ವಾಕಡದಲ್ಲಿ ಟ್ರಾಫಿಕ್ಕೇ ಇಲ್ಲ ಎಂದು ವರದಿ ಕೊಟ್ಟ ಹಾಗೆ.

ಕೀ ಹಾಕಿ ಪ್ರತಿ ತಂತಿಯನ್ನೂ ಅರ್ಥ್‌ಗೆ ಅಳೆದರೆ ಈ ಪೈಕಿ ಅರ್ಧ ಗುಟ್ಟು ಅಲ್ಲೇ ರಟ್ಟಾಗುತ್ತದೆ. ಹೈನಲ್ಲಿ ಎರಡೂವರೆ ವೋಲ್ಟ್‌ಗಿಂತ ತುಸು ಮೇಲೆ, ಲೋನಲ್ಲಿ ತುಸು ಕೆಳಗೆ, ಕೂಡಿದರೆ 5ರ ಆಸುಪಾಸು ಇರಬೇಕು. ಬಾಡಿಗೆ ತಾಗಿದ ಹೈ ತಂತಿ ಸೊನ್ನೆಯ ಹತ್ತಿರ ಕುಸಿದು ತಾನೇ ತಪ್ಪೊಪ್ಪಿಕೊಳ್ಳುತ್ತದೆ. ಅದೇ ಮೀಟರ್, ಗುಂಡಿ ಇನ್ನೊಂದು ಕಡೆ ತಿರುಗಿಸಬೇಕು ಅಷ್ಟೆ.

ಇಲ್ಲಿಗೆ ಲ್ಯಾಪ್‌ಟಾಪ್ ಪಂಥದವರು ನಕ್ಕಾರು. ಮೀಟರ್ ಹಳ್ಳಿಗಾಡಿನದು, ಕಂಪನಿ ಸಾಫ್ಟ್‌ವೇರ್ ಇದ್ದರೆ ಎಲ್ಲ ಬಯಲು ಎಂಬುದು ಅವರ ವಾದ. ಬಯಲಾಗುವುದೇನು? ಎಸ್‌ಪಿಎನ್ 639, ಎಫ್‌ಎಂಐ 9 ಎಂಬ ಕೋಡ್. ಅಂದರೆ ಮುಖ್ಯ ಜಾಲದಲ್ಲಿ ಸಂದೇಶ ಬರಬೇಕಾದ ವೇಗದಲ್ಲಿ ಬರುತ್ತಿಲ್ಲ. ಅದು ಪರದೆಯೇ ಆಗಲೇ ಹೇಳಿತ್ತಲ್ಲ! ಯಾಕೆ ಬರುತ್ತಿಲ್ಲ ಎಂಬುದಕ್ಕೆ ಕೋಡಿನಲ್ಲಿ ಉತ್ತರವಿಲ್ಲ, ಬಿಲ್ಲಿನಲ್ಲಿ ಮಾತ್ರ ಇದೆ. ಅವರಿಗೆ ಸಲ್ಲಬೇಕಾದ್ದು ಒಂದುಂಟು, ಅದನ್ನು ಅವರೇ ಬಳಸುವುದು ಅಪರೂಪ: ಯಾರು ಯಾರ ಮೇಲೆ ದೂರುತ್ತಿದ್ದಾರೆಂದು ಓದುವುದು. ಎಂಜಿನ್ ಕಂಟ್ರೋಲರ್, ಪಂಪ್ ಕಂಟ್ರೋಲರ್ ಎರಡೂ ಡಿಸ್ಪ್ಲೇ ಕಾಣೆ ಎಂದು ದೂರಿ, ತಮ್ಮ ತಮ್ಮಲ್ಲಿ ಮಾತಾಡಿಕೊಂಡಿದ್ದರೆ ಹುಡುಕಾಟ ಡಿಸ್ಪ್ಲೇಯ ಕವಲಿಗೆ ಇಳಿಯಿತು. ಎಲ್ಲರೂ ಎಲ್ಲರನ್ನೂ ದೂರುತ್ತಿದ್ದರೆ ಮುಖ್ಯ ಸಾಲೇ ಕೆಟ್ಟಿದೆ. ಈ ಸಾಕ್ಷಿಗಳ ಪಾಟೀಸವಾಲು ಬಿಟ್ಟು, ಕೋಡ್ ಅಳಿಸಿ ‘ಈಗ ನೋಡಿ’ ಎನ್ನುವುದು ಯಾವ ಪಾಂಡಿತ್ಯ?

ನನ್ನ ಮೆಚ್ಚುಗೆ ಇಬ್ಬರೂ ಮೂಲೆಗೆ ಎಸೆದ ಸಾಧನಕ್ಕೆ: ಎರಡು ವೈರ್ ಬೆಸೆದ 24 ವೋಲ್ಟ್, 21 ವ್ಯಾಟ್‌ನ ಇಂಡಿಕೇಟರ್ ಬಲ್ಬು. ಕಮ್ಯುನಿಕೇಶನ್ ದೋಷವೆಂದು ಹೆಸರಿಟ್ಟುಕೊಂಡು ಬರುವುದರಲ್ಲಿ ಎಷ್ಟೋ ಬಾರಿ ಹಸಿವಿನ ದೋಷವೇ ಇರುತ್ತದೆ. ಡಿಸ್ಪ್ಲೇಗೆ ಕರೆಂಟ್ ಸಾಲದೆ ಅದು ಮಾತು ನಿಲ್ಲಿಸಿರುತ್ತದೆ. ಕನೆಕ್ಟರ್ ಕಳಚಿ ಮೀಟರ್ ಹಿಡಿದರೆ ಒಂದೇ ಎಳೆ ಉಳಿದ ತಂತಿಯೂ 24 ತೋರಿಸುತ್ತದೆ, ಏಕೆಂದರೆ ಮೀಟರ್ ಏನನ್ನೂ ಎಳೆಯುವುದಿಲ್ಲ. ಡಿಸ್ಪ್ಲೇಯ ಪಾಸಿಟಿವ್ ಮತ್ತು ಅರ್ಥ್ ಪಿನ್ನುಗಳ ನಡುವೆ ಬಲ್ಬು ಹಾಕಿ. ಅದು ಸುಮಾರು 0.9 ಆಂಪಿಯರ್ ಎಳೆಯುತ್ತದೆ. ಮಂಕಾಗಿ ಉರಿದರೆ ಸಪ್ಲೈ ದಾರಿಯಲ್ಲಿ ಎಲ್ಲೋ ತಡೆ ಇದೆ. ನಂತರ ಡಿಸ್ಪ್ಲೇ ಮತ್ತೆ ಸಿಕ್ಕಿಸಿ, ಸ್ಟಾರ್ಟರ್ ತಿರುಗುವಾಗ ಅದೇ ಪಿನ್ನುಗಳ ಹಿಂಬದಿಯಿಂದ ಮೀಟರ್ ನೋಡಿ. ಬ್ಯಾಟರಿಯಲ್ಲಿ ಇರುವುದಕ್ಕೂ ಇಲ್ಲಿ ಬರುವುದಕ್ಕೂ ಒಂದೆರಡು ವೋಲ್ಟ್ ಅಂತರವಿದ್ದರೆ, ಬೂಮ್‌ಗೆ ಬೆಸುಗೆ ಹಾಕಿದ ದಿನ ಸಡಿಲಿಸಿ ಬಿಟ್ಟ ಅರ್ಥ್ ಪಟ್ಟಿಯನ್ನು ಹುಡುಕಬಹುದು.

ಬಲ್ಬು ಕಂಟ್ರೋಲರ್ ಸುಡುತ್ತದೆ ಎಂದು ಹೆದರಿಸುವವರಿದ್ದಾರೆ. ಕ್ಯಾನ್ ತಂತಿಗೆ ಬ್ಯಾಟರಿಯಿಂದ ಬಲ್ಬು ಹಿಡಿದರೆ ಸುಟ್ಟೀತು, ನಿಜ. ಸಪ್ಲೈ ಪಿನ್ನಿಗೆ ಆ ಹೆದರಿಕೆ ಅನ್ವಯಿಸುವುದಿಲ್ಲ. ಈ ವ್ಯತ್ಯಾಸ ಕಲಿಸುವ ಬದಲು ಬಲ್ಬನ್ನೇ ನಿಷೇಧಿಸಿದ ತರಬೇತಿಗಳಿಂದಲೇ ಅರವತ್ತರ ಭಕ್ತರು ಹುಟ್ಟಿದ್ದು.

ಡಿಸ್ಪ್ಲೇ ಬದಲಿಸುವ ಆತುರದಲ್ಲಿ ಇನ್ನೊಂದು ನಷ್ಟವಿದೆ, ಅದರ ಬಗ್ಗೆ ಯಾವ ಪಂಥವೂ ಬಾಯಿ ಬಿಡುವುದಿಲ್ಲ. ಕೆಲವು ಮಾದರಿಗಳಲ್ಲಿ ಓಡಿದ ಗಂಟೆಗಳ ಲೆಕ್ಕ ಇರುವುದು ಡಿಸ್ಪ್ಲೇಯೊಳಗೇ. ಬೇರೆ ಯಂತ್ರದ ಡಿಸ್ಪ್ಲೇ ತಂದು ಹಾಕಿದರೆ ಬೇರೆ ಯಂತ್ರದ ಆಯಸ್ಸೂ ಬರುತ್ತದೆ. ಹಾಗಾಗಿ ಮಾರಾಟಕ್ಕೆ ನಿಂತ ಪೋಕ್ಲೇನ್‌ನಲ್ಲಿ ‘ಎರರ್ ಇತ್ತು, ಹೊಸ ಡಿಸ್ಪ್ಲೇ ಹಾಕಿಸಿದ್ದೇವೆ’ ಎಂದರೆ ಕೊಳ್ಳುವವನು ಎಂಜಿನ್ ಕಂಟ್ರೋಲರಿನಲ್ಲಿರುವ ಗಂಟೆಗಳನ್ನು ಓದಿಸಿ ಎರಡನ್ನೂ ತಾಳೆ ನೋಡಬೇಕು. ಲ್ಯಾಪ್‌ಟಾಪಿಗೆ ಕಣ್ಣುಮುಚ್ಚಿ ದುಡ್ಡು ಕೊಡಬಹುದಾದ ಜಾಗ ಇದೊಂದೇ.