ನಾಲಿಗೆ ಸೋಮಾರಿಯಲ್ಲ

ಈ ವಾರ ಸ್ವಾಹಿಲಿಯ ಉಕಾರದ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ‘ಚೊಮ’ ಎಂದರೆ ಚುಚ್ಚು, ‘ಚೊಮೊಅ’ ಎಂದರೆ ಚುಚ್ಚಿದ್ದನ್ನು ಕಿತ್ತು ತೆಗೆ. ‘ಫುಂಗ’ ಮುಚ್ಚು, ‘ಫುಂಗುಅ’ ತೆರೆ. ಧಾತುವಿನ ಒಕಾರ ಕಂಡೊಡನೆ ಪ್ರತ್ಯಯದ ಉಕಾರವೂ ಒಕಾರವಾಗುತ್ತದೆ. ಆದರೆ ‘ತೆಗ’, ಅಂದರೆ ಬಲೆ ಒಡ್ಡು ಎಂಬುದು ‘ತೆಗುಅ’ ಆಗುವಾಗ ಎದುರಿಗೆ ಎಕಾರವಿದ್ದರೂ ಉಕಾರ ಕದಲುವುದಿಲ್ಲ. (ಆಗಮಸಂಧಿ ಮಾಡಿ ‘ತೆಗುವ’ ಎಂದು ಓದಬೇಡಿ, ಅಲ್ಲಿ ಎರಡು ಸ್ವರ ಪಕ್ಕಪಕ್ಕ ಕೂರಲು ಯಾರ ಅಪ್ಪಣೆಯೂ ಬೇಡ.) ಪ್ರತ್ಯಯದ ಇಕಾರಕ್ಕಾದರೆ ಎ, ಒ ಎರಡೂ ಒಂದೇ, ಎರಡರ ಎದುರಿಗೂ ಅದು ಎಕಾರವಾಗುತ್ತದೆ: ‘ಲೆತ’ದಿಂದ ‘ಲೆತೆಅ’, ‘ಸೊಮ’ದಿಂದ ‘ಸೊಮೆಅ’. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಹಚ್ಚುವ ಈ ಪದ್ಧತಿ ಸ್ವಾಹಿಲಿಯೊಂದರದ್ದಲ್ಲ, ಬಾಂಟು ಕುಟುಂಬದ ಅನೇಕ ಭಾಷೆಗಳಲ್ಲಿ ಕಾಣುತ್ತದೆ. ಭಾಷಾವಿಜ್ಞಾನಿ ಲ್ಯಾರಿ ಹೈಮನ್ 1999ರಲ್ಲಿ ಇದರ ಚರಿತ್ರೆ ಕೆದಕಿ ಬರೆದ ದೀರ್ಘ ಲೇಖನ ಇವತ್ತಿಗೂ ಈ ವಿಷಯದ ದೊಡ್ಡ ಆಸರೆ.

ಅಷ್ಟರಲ್ಲಿ ಒಂದು ಹಳೇ ಬಾಕಿ ತೀರಿಸಬೇಕು. ಒಂದು ಸ್ವರ ಇನ್ನೊಂದಕ್ಕೆ ಹೀಗೆ ಹೊಂದಿಕೊಳ್ಳುವ ಸ್ವರಸಾಮರಸ್ಯದ ಮಾತೆತ್ತಿದರೆ ಸಾಕು, ‘ಉಚ್ಚಾರಣೆಗೆ ಸುಲಭ, ಅದಕ್ಕೇ’ ಎಂದು ಕೈ ತೊಳೆದುಕೊಳ್ಳುವ ಪಂಡಿತರು ಸಿಕ್ಕೇ ಸಿಗುತ್ತಾರೆ. ಸ್ವಾಹಿಲಿಯವರು ‘ಸೊಮ’ಕ್ಕೆ ಪ್ರೇರಣಾರ್ಥಕ ಹಚ್ಚಿ ‘ಸೊಮೆಶ’ ಎನ್ನುತ್ತಾರೆ. ನಾವು ಅದೇ ಅರ್ಥದಲ್ಲಿ ‘ಓದಿಸು’ ಎನ್ನುತ್ತೇವೆ. ಓಕಾರದ ಬೆನ್ನಿಗೇ ಇಕಾರ. ಯಾವ ಮೇಷ್ಟರ ನಾಲಿಗೆ ಇದರಿಂದ ದಣಿದಿದೆ? ಬಾಂಟು ಒಳಗೇ ನೋಡಿ. ಜುಲು ಭಾಷೆಯಲ್ಲಿ ‘ಯಾರಿಗಾಗಿ’ ಎಂದು ಸೂಚಿಸುವ ಪ್ರತ್ಯಯ ಧಾತು ಯಾವುದೇ ಇರಲಿ ‘ಎಲ’ವೇ: ‘ಭಲ’ದಿಂದ ‘ಭಲೆಲ’, ‘ವುಲ’ದಿಂದ ‘ವುಲೆಲ’. ಮಲಾವಿಯ ಚಿಚೇವಾದಲ್ಲಿ ಮಾತ್ರ ‘ಫಿಕಿರ’ ಬೇರೆ, ‘ಲೆಂಬೆರ’ ಬೇರೆ. ಒಂದೇ ಮನೆತನದ ಎರಡು ಭಾಷೆ, ಒಂದಕ್ಕೆ ಸುಲಭ ಬೇಕು, ಇನ್ನೊಂದಕ್ಕೆ ಬೇಡವೆ? ಇದು ಮನೆಯ ರಿವಾಜು, ಸೋಮಾರಿತನವಲ್ಲ.

ಇನ್ನೊಂದು ಪಂಗಡವಿದೆ, ಟರ್ಕಿ ಭಾಷೆಯ ಪಾಠ ಓದಿಕೊಂಡು ಬಂದವರದು. ಅವರ ಲೆಕ್ಕದಲ್ಲಿ ಧಾತುವೇ ದೊರೆ, ಅದರ ಸ್ವರ ಹೇಳಿದಂತೆ ಬಾಲದವರೆಗಿನ ಪ್ರತ್ಯಯಗಳೆಲ್ಲ ಕುಣಿಯಬೇಕು. ಇವರನ್ನು ಕಂಡಾಗಲೆಲ್ಲ ನನಗೆ ‘ಗೊಂಬ’ ಎಂಬ ಕ್ರಿಯಾಪದ ನೆನಪಾಗುತ್ತದೆ. ಇವತ್ತಿನ ಉಕಾರ ಅದರ ಮುಂದೆ ಸಪ್ಪೆ. ಉಕಾರವನ್ನು ಇಲ್ಲಿಗೇ ಬಿಡುತ್ತೇನೆ.

‘ಗೊಂಬ’ ಎಂದರೆ ವಾದಕ್ಕಿಳಿ, ಜಗಳಾಡು. ಇದಕ್ಕೆ ‘ಯಾರಿಗಾಗಿ, ಯಾವುದಕ್ಕಾಗಿ’ ಸೇರಿದರೆ ‘ಗೊಂಬೆಅ’, ಒಂದು ಸ್ಥಾನಕ್ಕಾಗಿ ಸ್ಪರ್ಧಿಸು. ಚುನಾವಣೆ ಬಂದಾಗ ದಾರ್ ಎಸ್ ಸಲಾಮಿನ ಪತ್ರಿಕೆಗಳ ತುಂಬ ಓಡಾಡುವ ‘ಮ್ಗೊಂಬೆಅ’, ಅಂದರೆ ಅಭ್ಯರ್ಥಿ, ಇದರ ಕೂಸು. ‘ಗೊಂಬೆಜ಼’ ಎಂದರೆ ಗದರಿಸು. ಇಲ್ಲಿಯವರೆಗೆ ದೊರೆಯ ಮಾತು ನಡೆದಿದೆ, ಪ್ರತ್ಯಯವೆಲ್ಲ ಎಕಾರದ್ದೇ. ಈಗ ‘ಪರಸ್ಪರ’ ಎಂಬ ಅರ್ಥದ ‘ಅನ’ ಹಚ್ಚಿ: ‘ಗೊಂಬನ’, ಒಬ್ಬರಿಗೊಬ್ಬರು ಕಾದಾಡು. ಅದರ ಮೇಲೆ ಪ್ರೇರಣಾರ್ಥಕ ಹೇರಿ. ದೊರೆ ಒಕಾರವಾದ್ದರಿಂದ ‘ಎಶ’ ಬರಬೇಕಿತ್ತು. ಸ್ವಾಹಿಲಿ ಮಾತಾಡುವವರು ಹೇಳುವುದು ‘ಗೊಂಬನಿಶ’: ಇಬ್ಬರ ನಡುವೆ ತಂದಿಡು.

ನಡುವೆ ಬಂದು ಕೂತ ಆ ಒಂದು ಅಕಾರ ಎಲ್ಲವನ್ನೂ ತಡೆದಿದೆ. ಬಾಯಿ ಅಗಲಿಸುವ ಮಟ್ಟಿಗೆ ಅದು ಎ, ಒಗಳಿಗಿಂತಲೂ ಕೆಳಗಿನದು. ಆದರೂ ಸೇರಿಕೊಂಡಿರುವುದು ಮೇಲಿನ ಇ, ಉಗಳ ಪಕ್ಷ. ‘ಕತ’ದಿಂದ ‘ಕತಿಅ’ ಎನ್ನುತ್ತಾರೆ, ‘ಕತೆಅ’ ಎನ್ನುವುದಿಲ್ಲ. ಪ್ರತ್ಯಯ ತನ್ನ ಪಕ್ಕದ ಸ್ವರವನ್ನಷ್ಟೇ ಕೇಳುತ್ತದೆ, ನಾಲ್ಕು ಮನೆ ಆಚೆಯ ಧಾತುವಿನ ದರ್ಬಾರಿಗೆ ಹೋಗುವುದಿಲ್ಲ. ಒಪ್ಪದವರು ತಪ್ಪು ಮಾಡು ಎಂಬ ಅರ್ಥದ ‘ಕೊಸ’ವನ್ನೂ ಹಿಡಿದು ನೋಡಲಿ: ‘ಕೊಸೆಅ’, ‘ಕೊಸನ’, ‘ಕೊಸನಿಶ’.